ತನ್ನ ತೂಕ ತಾನೇ

ಬೋತ್ಸ್‌ಫ್ಯೋರ್ ಬಂದರಿನಲ್ಲಿ ಜನವರಿಗೆ ಸೂರ್ಯನಿಲ್ಲ.
ಮಧ್ಯಾಹ್ನವೆಂದರೆ ಕಡಲಂಚಿಗೆ ಯಾರೋ
ನೀಲಿ ಬಳಿದು, ಒರೆಸಿ ಹೋದಂತೆ.
ತೂಕದ ಕೋಣೆಯಲ್ಲಿ ಗುನ್ವೋರ್,
ವಯಸ್ಸು ಐವತ್ತೆಂಟು, ಉಗುರಿನ ಸಂದಿಗೆ ಮೀನಿನ ಹುರುಪೆ,
ಕೀಲಿಮಣೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿಕೊಂಡು
ಒಂದು ಫಂಕ್ಷನ್ ಬರೆಯುತ್ತಿದ್ದಾಳೆ.

ಬೇಕೇ ಇದು? ಕಂಪನಿ ಕೊಟ್ಟ ಪ್ರೋಗ್ರಾಮಿನಲ್ಲಿ
ತೂಗುವುದಕ್ಕೆಂದೇ ಒಂದು ಸಿದ್ಧವಾಗಿದೆ.
ಅಂಗಡಿಯ ಕೈಗವಸಿನಂತೆ
ಎಲ್ಲರ ಕೈಗೂ ಆಗುತ್ತದೆ, ಯಾರ ಕೈಗೂ ಕೂಡುವುದಿಲ್ಲ.
ಅದಕ್ಕೆ ದಶಾಂಶ ಸೇರದು.
ನಲವತ್ತೊಂದು ಪಾಯಿಂಟ್ ಎಂಟು ಕಿಲೋ ಇತ್ತೆನ್ನಿ,
ಎಂಟನ್ನು ಕತ್ತರಿಸಿ ನೆಲಕ್ಕೆ ಬಿಟ್ಟು
ನಲವತ್ತೊಂದು ಎನ್ನುತ್ತದೆ, ಬಹಳ ಮರ್ಯಾದೆಯಿಂದ.
ಓಡ್ಲೈವನ ದೋಣಿಯಿಂದ ದಿನಕ್ಕೆ ಅರವತ್ತು ಪೆಟ್ಟಿಗೆ.
ಲೆಕ್ಕ ನೀವೇ ಹಾಕಿ.

ಕಲಿಸುವವಳು ಐಲೆ, ವಾರಕ್ಕೆರಡು ಸಂಜೆ,
ಗ್ರಂಥಾಲಯದ ಮಹಡಿಯಲ್ಲಿ. ಮಗಳಾಗಬಹುದಾದ ವಯಸ್ಸು.
"ಪೆಟ್ಟಿಗೆಯನ್ನು ನೀನು ತೂಗಬೇಡ," ಎಂದಳು ಮೊದಲ ದಿನ,
"ತೂಗಿಕೊಳ್ಳುವುದನ್ನು ಅದಕ್ಕೇ ಕಲಿಸು.
ಮೀನು, ಐಸು, ಬರಿದು ಪೆಟ್ಟಿಗೆಯ ಭಾರ,
ಒಳಗಿನದು ಒಳಗೇ ಇರಲಿ, ಹೊರಗಿನವರು ಕೈಹಾಕಬಾರದು.
ಹೆಸರು ಹಿಡಿದು ಕರೆದರೆ ಓಗೊಡಬೇಕು, ಅಷ್ಟೆ.
ಹೆತ್ತ ಕ್ಲಾಸಿನಿಂದ ಏನೇನೋ ಬರುತ್ತದೆ, ಬರಲಿ;
ಬೇಡದ್ದನ್ನು ಅದೇ ಹೆಸರಿನಲ್ಲಿ ಮತ್ತೆ ಬರೆದುಕೋ."

ಗುನ್ವೋರ್ ಪೆನ್ನು ಕೆಳಗಿಟ್ಟಳು.

ಅವಳಪ್ಪ ಹಿಲ್ಮಾರ್ ಇದೇ ಕೋಣೆಯಲ್ಲಿ ತೂಗಿದವನು,
ಮೀನು ಕೊಳ್ಳುವ ಸಾಹುಕಾರನ ಕೈಕೆಳಗೆ.
ಕಬ್ಬಿಣದ ತಕ್ಕಡಿ. ಕಲ್ಲಿನ ತಟ್ಟೆಯ ಬದಿಗೆ ಅವನು.
ಹಿಲ್ಮಾರನ ಹೆಬ್ಬೆರಳು ಒಂದು ಕಿಲೋ ತೂಗುತ್ತದೆ
ಅಂತ ಊರೆಲ್ಲ ನಗುತ್ತಿತ್ತು.
ಶಾಲೆಯ ಹುಡುಗರು ಅವಳನ್ನು ಕಂಡರೆ
ಮಾತಾಡುತ್ತಿರಲಿಲ್ಲ, ಹೆಬ್ಬೆರಳು ಎತ್ತುತ್ತಿದ್ದರು.
ಒಮ್ಮೆ ಅಪ್ಪನನ್ನೇ ಕೇಳಿದಳು.
ಅವನು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ.

ಮೊದಲ ಸಲ ಬರೆದಾಗ ಪರದೆ ಕೆಂಪಾಯಿತು:
ಆವರಣದೊಳಗೆ ಸೆಲ್ಫ್ ಇಲ್ಲ.
ಯಾರದು ಸೆಲ್ಫ್? ಬರೆದ ನಾನಲ್ಲ,
ಪ್ರೋಗ್ರಾಮು ಮಾರಿದ ಕಂಪನಿಯೂ ಅಲ್ಲ,
ಈಗ ಕರೆಸಿಕೊಂಡ ಪೆಟ್ಟಿಗೆ ಯಾವುದೋ ಅದು.
ನಮ್ಮ ನುಡಿಯಲ್ಲಿ ಇದಕ್ಕೆ ತಡಕಾಡಬೇಕಿಲ್ಲ:
ತಾನು.
ಆ ಪದ ಗುನ್ವೋರಳಿಗೆ ತಿಳಿಯದು. ಆದರೂ
ನಾಲ್ಕಕ್ಷರ ಕುಟ್ಟಿ, ತಾನನ್ನು ಸೇರಿಸಿದಳು.

ಎರಡನೆಯ ಸಲ ತಪ್ಪಿಲ್ಲ. ಉತ್ತರವೂ ಇಲ್ಲ.
ಪೆಟ್ಟಿಗೆ ಎಲ್ಲ ಕೂಡಿತು, ಐಸು ಕಳೆಯಿತು,
ತನ್ನ ಸ್ವಂತ ಭಾರವನ್ನೂ ಕಳೆದುಕೊಂಡು
ಗೊತ್ತಿದ್ದೂ ಗೊತ್ತಿದ್ದೂ ಸುಮ್ಮನೆ ಕೂತಿತು.
"ರಿಟರ್ನ್ ಬರೆದಿಲ್ಲ ನೀನು," ಐಲೆಯ ಮೆಸೇಜು,
"ಎಣಿಸಿದರೆ ಸಾಲದು, ಮರಳಿಸಬೇಕು."

ಕಪಾಟಿನಲ್ಲಿ ಅಪ್ಪನ ತೂಕದ ಪುಸ್ತಕಗಳಿವೆ.
ಪುಟಪುಟದ ಅಂಚಿಗೂ, ಪೆನ್ಸಿಲಿನಲ್ಲಿ, ಇರುವೆಯಷ್ಟು ಸಣ್ಣಗೆ,
ಇನ್ನೊಂದು ಅಂಕಿ: ಶಾಯಿಯ ತೂಕಕ್ಕಿಂತ
ಒಂದೊಂದು ಕಿಲೋ ಹೆಚ್ಚು.
ಹದಿನೇಳು ವರ್ಷ.
ಎಣಿಸಿದ್ದ.

ಗುನ್ವೋರ್ ಕನ್ನಡಕ ಒರೆಸಿಕೊಂಡಳು, ಮಬ್ಬು ಹೋಗಲಿಲ್ಲ,
ಇನ್ನೊಮ್ಮೆ ಒರೆಸಿಕೊಂಡಳು. ಕೊನೆಯ ಸಾಲು ಬರೆದಳು.
ಫಂಕ್ಷನ್ನಿಗೆ ಹೆಸರು ವೆಕ್ತ್, ಅವರ ಮಾತಿನಲ್ಲಿ ತೂಕ,
ಕಂಪನಿ ಇಟ್ಟಿದ್ದ ಅದೇ ಹೆಸರು.

ಸಂಜೆ ನಾಲ್ಕಕ್ಕೆ ಓಡ್ಲೈವನ ದೋಣಿ ಕಟ್ಟೆಗೆ ತಾಗಿತು.
ಮೊದಲ ಪೆಟ್ಟಿಗೆಯನ್ನು ಕರೆದಳು:
ನಲವತ್ತೊಂದು ಪಾಯಿಂಟ್ ಎಂಟು.
ಚೀಟಿ ಹಿಡಿದು ಓಡ್ಲೈವ್ ದೀಪದ ಕೆಳಗೆ ನಿಂತ,
ಚುಕ್ಕೆಯನ್ನು ಕೊಳೆಯೆಂದುಕೊಂಡು ಉಗುರಿನಿಂದ ಕೆರೆದ.
ಹೋಗಲಿಲ್ಲ.
ಆಗ ಗಾಜಿನಾಚೆಯಿಂದ ಅವಳತ್ತ ನೋಡಿ
ಕೈಗವಸು ಕಳಚಿ
ಹೆಬ್ಬೆರಳು ಎತ್ತಿದ.

ಅವಳ ಹೊಟ್ಟೆ ಒಮ್ಮೆ ಹಳೆಯ ರೀತಿಯಲ್ಲಿ ಮುದುಡಿತು.
ಆಮೇಲೆ ಅರ್ಥವಾಯಿತು.
ಇನ್ನೂ ಐವತ್ತೊಂಬತ್ತು ಪೆಟ್ಟಿಗೆ ಬಾಕಿ ಇದ್ದವು.