ಉಸಿರು: ಜವರಯ್ಯ

ಹೊಗೆ ಮೆಷಿನ್ನಿಗೆ ದಿನಕ್ಕೆ ಮೂರು ಸಾವಿರ ಬಾಡಿಗೆ.
ಧರಣೇಂದ್ರ ಲೆಕ್ಕ ಹಾಕಿ, ಪೆನ್ನಿನ ತುದಿ ಕಚ್ಚಿ,
ಹಾಸನದ ಬೈಪಾಸಿನಾಚೆಯ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿಗೆ
ನಮ್ಮನ್ನು ಕರೆದುಕೊಂಡು ಹೋದ.
‘ಬಾಯಿ ಬಿಡ್ರೋ’ ಅಂದ.
ಬಿಟ್ಟೆವು. ಎಲ್ಲರ ಬಾಯಿಂದಲೂ ಬಿಳಿ ಹೊಗೆ,
ಪುಕ್ಕಟೆ.

ದೆವ್ವದ ಸಿನಿಮಾ ಹೀಗೆ ಶುರುವಾಯಿತು.
ಹನ್ನೊಂದು ರಾತ್ರಿ. ಒಂಬತ್ತು ಜನ.
ಮದುವೆ ವಿಡಿಯೋದ ಕ್ಯಾಮೆರಾ, ಅದರ ಕಾರ್ಡಿನಲ್ಲಿ
ಯಾರದೋ ಧಾರೆ ಇನ್ನೂ ಅಳಿಸದೆ ಉಳಿದಿತ್ತು.
ಬೆಳಕಿಗೆ ಟ್ರ್ಯಾಕ್ಟರಿನ ಒಂದು ಕಣ್ಣು.
ಸದ್ದಿಗೆ ನಾನು.

ರಕ್ತವೆಂದರೆ ಬೆಲ್ಲದ ಪಾಕ, ಬೀಟ್‌ರೂಟು,
ಒಂದು ಚಮಚ ಡಿಕಾಕ್ಷನ್.
ಡಿಕಾಕ್ಷನ್ ಮರೆತರೆ ಅದು ಬರೀ ಹೋಳಿ.
ಶಬರೀನ್ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು
ಹತ್ತೂವರೆಗೆ ಬಂದು ಸಾಯುತ್ತಿದ್ದಳು.
ಟೇಕು ಮುಗಿದರೆ ಮಂಕಿ ಕ್ಯಾಪು ಹಾಕಿಕೊಂಡು
ಹೊರಗೆ ಶೆಡ್ಡಿನಲ್ಲಿ ಬನ್ನು ತಿನ್ನುವ ದೆವ್ವ,
ಕೊರಳ ಗಾಯಕ್ಕೆ ಇರುವೆ ಸಾಲು.

ಕತ್ತು ಮುರಿಯಲು ಕಬ್ಬು ತಂದೆ.
ಬೆರಳಿಗೆ ಬೀನ್ಸು.
ಹೆಣ ಎಳೆಯುವುದಕ್ಕೆ ಮಾತ್ರ ನಕಲು ಸಿಗದೆ
ಐವತ್ತು ಕೆಜಿ ಬಿತ್ತನೆ ಗಡ್ಡೆಯ ಚೀಲವನ್ನೇ ಎಳೆದೆವು.
ಮರುದಿನ ಸೊಂಟ ಹಿಡಿದದ್ದು ನಕಲಲ್ಲ.

ವಾಚ್‌ಮನ್ನಿನ ಹೆಸರು ಜವರಯ್ಯ.
ಕತೆಗಾರ ಇಟ್ಟಿದ್ದರೆ ‘ಅತಿಯಾಯ್ತು, ಬದಲಾಯಿಸು’ ಅಂದಿರುತ್ತಿದ್ದೆವು.
ನಮ್ಮ ದೆವ್ವ ನೋಡಿ ಅವನು ಒಂದು ಸಲವೂ ಬೆಚ್ಚಲಿಲ್ಲ.
‘ಹೆದ್ರಿಕೆ ಬೇಕಾ? ಅಗೋ, ಆ ವಾಲ್ವ್ ನೋಡಿ.
ಒಂದಿನ ಬೆಳಗಿನ್ ಜಾವ ಅಮೋನಿಯಾ ಬಿಟ್ಕಂತು.
ಒದ್ದೆ ಟವಲ್ ಸುತ್ಕಂಡು ಒಳಿಕ್ ಹೋದೆ,
ಇಬ್ರನ್ನ ಎಳ್ಕಂಡ್ ಬಂದೆ.
ಮೂರನೆಯವ್ನು...’
ಎದ್ದು ಟೀ ಕಾಯಿಸಲು ಹೋದ.

ಧರಣೇಂದ್ರನ ಪೆನ್ನು ಆಗಲೇ ಓಡುತ್ತಿತ್ತು.
‘ಬರೀಬ್ಯಾಡ ಸ್ವಾಮಿ,’ ಬೆನ್ನು ತಿರುಗಿಸಿಯೇ ಅಂದ,
‘ಅವನ ಹೆಂಡ್ರು ಇಲ್ಲೇ ಗಡ್ಡೆ ಆರಿಸ್ತಾಳೆ.
ಸಿನ್ಮಾನೂ ನೋಡ್ತಾಳೆ.’
ಹಾಳೆ ಹರಿದ ಸದ್ದನ್ನೂ ನಾನು ರೆಕಾರ್ಡ್ ಮಾಡಿದೆ,
ಅಭ್ಯಾಸ.

ಕೊನೆಯ ರಾತ್ರಿ ಬಾಕಿ ಇದ್ದದ್ದು ರೂಮ್ ಟೋನ್.
ಪ್ರತಿ ಕೋಣೆಗೂ ಅದರದೇ ಮೌನ ಇರುತ್ತದೆ,
ಒಂದು ಕೋಣೆಯ ಮೌನ ಇನ್ನೊಂದಕ್ಕೆ ಹೊಂದುವುದಿಲ್ಲ.
ಕಂಪ್ರೆಸರ್ ನಿಂತಾಗ ಕೈ ಎತ್ತಿದೆ.
ಒಂದು ನಿಮಿಷ ಯಾರೂ ಕದಲುವಂತಿಲ್ಲ.
ಹೆಡ್‌ಫೋನಿನಲ್ಲಿ ಶಬರೀನಳ ಹಲ್ಲು ಕಟಕಟ,
ಯಾರದೋ ಹೊಟ್ಟೆ,
ಅದರಡಿಯಲ್ಲಿ ಒಂದು ಸಿಳ್ಳೆ:
ಎಳೆದುಕೊಳ್ಳುವಾಗ ಸಣ್ಣಗೆ, ಬಿಡುವಾಗ ಹರಕು,
ಗೋಣಿಯನ್ನು ಒಳಗಿನಿಂದ ಕೆರೆದ ಹಾಗೆ.
ಬಾಗಿಲ ಬಳಿಯ ಸ್ಟೂಲಿನ ಮೇಲೆ ಜವರಯ್ಯ.
‘ಉಸಿರು ಬಿಗಿಹಿಡಿ’ ಅಂತ ಅವನಿಗೆ
ನಾನು ಹೇಗೆ ಹೇಳಲಿ?

ಎಡಿಟಿಂಗಿನಲ್ಲಿ ದೆವ್ವಕ್ಕೆ ಉಸಿರು ಬೇಕಿತ್ತು.
ಕುಕ್ಕರಿನ ಸೀಟಿಯನ್ನು ನಿಧಾನ ಮಾಡಿದೆ, ನಗು ಬಂತು.
ನಾಯಿಯನ್ನು ತಲೆಕೆಳಗು ಓಡಿಸಿದೆ.
ನಾಲ್ಕನೇ ರಾತ್ರಿ ಆ ಒಂದು ನಿಮಿಷವನ್ನು
ಎಳೆದು ತಂದು ಶಬರೀನಳ ಮುಖದಡಿ ಇಟ್ಟೆ.
ತೋಳಿನ ಕೂದಲು ನಿಂತವು.
ಆಮೇಲೆ ನಾಚಿಕೆ.

ಕೇಳಲು ಹೋದೆ.
ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ,
ತನ್ನ ಎದೆಯನ್ನು ಹೊರಗಿನಿಂದ ಮೊದಲ ಸಲ ಕೇಳಿದ.
‘ಇದನ್ನ ದೊಡ್ಡಾಸ್ಪತ್ರೆ ಡಾಕ್ಟ್ರಿಗೆ ಕೇಳಿಸಿ.
ಬೀಡಿ ಬಿಡು ಅಂತಾರೆ.
ನಾನು ಹಚ್ಚಿದೋನೇ ಅಲ್ಲ.’
ಸ್ವಲ್ಪ ಹೊತ್ತು ಬಿಟ್ಟು: ‘ಎಷ್ಟ್ ಕೊಡ್ತೀರಾ?’
ಐನೂರು ಕೊಟ್ಟೆವು. ಹೆಸರನ್ನೂ ಹಾಕಿದೆವು,
ಸಹಾಯಕರಿಗಿಂತ ಮೇಲೆ.

ಸಾಲಗಾಮೆ ರಸ್ತೆಯ ಛತ್ರವೊಂದರಲ್ಲಿ, ಬಿಳಿ ಪಂಚೆಯ ಪರದೆಯಲ್ಲಿ,
ನಲವತ್ತು ಪ್ಲಾಸ್ಟಿಕ್ ಕುರ್ಚಿಗೆ ತೋರಿಸಿದೆವು.
ಉಸಿರು ಬಂದಾಗ ಇಡೀ ಛತ್ರ ಕಾಲು ಮೇಲೆತ್ತಿಕೊಂಡಿತು.
ಅದು ಮುಗಿದ ಮೇಲೆ ಆರು ಸೆಕೆಂಡು
ನಾನು ಏನನ್ನೂ ಇಟ್ಟಿರಲಿಲ್ಲ,
ಸೊನ್ನೆ, ಶುದ್ಧ ಖಾಲಿ.

ಉಸಿರು ನಿಲ್ಲಲಿಲ್ಲ.
ಕೊನೇ ಸಾಲಿನಿಂದ ಬರುತ್ತಲೇ ಇತ್ತು.
ಮುಂದೆ ಕೂತ ಹುಡುಗನೊಬ್ಬ ಪಕ್ಕದವನಿಗೆ ಹೇಳಿದ:
‘ಸೌಂಡ್ ಸೂಪರ್ ಕಣೋ, ಹಿಂದಿನಿಂದಾನೇ ಬಂದಂಗಿದೆ.’