ಮೆಟ್ಟಿಲಡಿ

ದುಶಾನ್ಬೆಯಿಂದ ಪತ್ರ ಬಂತು:
ಚಿತ್ರಗಳೆಲ್ಲ ಇನ್ನು ಕ್ಲೌಡಿನಲ್ಲಿ,
ಹಳೆಯ ಸರ್ವರ್ ಆರಿಸಿಬಿಡಿ.
ಕುರ್ಬೋನ್‌ಶೋ ಓದಿದ, ಮಡಚಿದ,
'ಆಗಲಿ' ಎಂದ,
ಮೆಟ್ಟಿಲಡಿಯ ಕೋಣೆಗೆ ಹೋಗಿ
ಬಲ್ಬು ಆರಿಸಿ ಬಂದ.

ಬಲ್ಬು ಮಾತ್ರ.

ಕತ್ತಲಲ್ಲಿ ಎರಡು ಹಸಿರು ಚುಕ್ಕಿ
ಮಿಣುಕುತ್ತಲೇ ಇದ್ದವು. ಕಂಡೆ. ಹೇಳಲಿಲ್ಲ.
ಎಕ್ಸ್‌ರೇ ತೆಗೆಯುವವಳಿಗೆ ಸುಮ್ಮನಿರುವುದು ಗೊತ್ತು,
ದಿನವಿಡೀ ಅದನ್ನೇ ಹೇಳಿಕೊಡುತ್ತೇನೆ:
ಉಸಿರು ಹಿಡಿ, ಅಲುಗಬೇಡ.

ಅದೇನು ಚೆಂದದ ಯಂತ್ರವಲ್ಲ.
ಒಂದು ಮೂಲೆಯಲ್ಲಿ ಸ್ಕ್ರೂ ಇಲ್ಲ, ಬ್ಯಾಂಡೇಜಿನ ಅಂಟುಪಟ್ಟಿ.
ಬಿಸಿಗಾಳಿ ಬಿಡುವ ಬೆನ್ನಿಗೆ ಒರಗಿ ಅಡುಗೆಮನೆಯ ಬೆಕ್ಕು.
ಅದರ ನೆತ್ತಿಯ ಮೇಲೊಮ್ಮೆ ಉಪ್ಪುಚಹಾದ ಬಟ್ಟಲಿಟ್ಟು
ಬೈಸಿಕೊಂಡಿದ್ದೇನೆ; ಎರಡು ದಿನ ಮಾತಿಲ್ಲ.
ರಾತ್ರಿ ಒಂದು ಗಂಟೆಗೆ ಗೊರಗೊರ ಎನ್ನುತ್ತ
ಹಗಲಿನ ಎದೆಗೂಡು, ಮೊಣಕೈ, ಸೊಂಟಗಳನ್ನೆಲ್ಲ
ಮತ್ತೊಂದು ಪ್ರತಿ ಮಾಡಿಟ್ಟುಕೊಳ್ಳುತ್ತದೆ.

ಕ್ಲೌಡಿನ ಮೇಲೆ ಹಗೆಯಿಲ್ಲ ಅವನಿಗೆ.
ಮೇಲಕ್ಕೆ ಕಳಿಸುವ ಕೆಲಸವನ್ನೂ ಅವನೇ ಮಾಡುವುದು.
ಮೋಡ ಕಂಡು ಕೊಡದ ನೀರು ಚೆಲ್ಲುವವನಲ್ಲ,
ಅಷ್ಟೇ.

ಫೆಬ್ರವರಿಯಲ್ಲಿ ಬೆಟ್ಟ ಜಾರಿತು.
ದಾರಿ ಹೋಯಿತು, ದಾರಿಯ ಪಕ್ಕದ ಕೇಬಲ್ಲೂ ಹೋಯಿತು.
ಖೊರೋಗಿನ ಮೇಲೆ ನಿಜವಾದ ಮೋಡ ಮೂರು ದಿನ ಕೂತಿತ್ತು,
ಅದರಲ್ಲಿ ಹಿಮವಿತ್ತು. ಚಿತ್ರವಿರಲಿಲ್ಲ.

ಆಗಲೇ ಬಂದಳು ನವ್ರೂಜ್‌ಮೋ,
ಜಾರದ ಕಡೆಯ ಕಣಿವೆಯಿಂದ, ಕೆಮ್ಮುತ್ತ.
ಬಲ ಶ್ವಾಸಕೋಶದ ತುದಿಯಲ್ಲಿ ಒಂದು ಬಿಳಿ.
ಹೊಸದೋ? ಹಳೆಯ ಕಲೆಯೋ?
ಡಾಕ್ಟರು ಹೋದ ವರ್ಷದ್ದು ಕೇಳಿದರು.
ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು.
ಕುರ್ಬೋನ್‌ಶೋ ಯಾರ ಮುಖವನ್ನೂ ನೋಡದೆ
ಮೆಟ್ಟಿಲಡಿಗೆ ಇಳಿದ. ಬೆಕ್ಕು ಹೊರಬಂತು.

ನನ್ನ ಮೇಜಿನ ಹಳೆಯ ವರ್ಕ್‌ಸ್ಟೇಷನ್ನಿನಲ್ಲಿ
ಒಂದೇ ಎದೆ, ಎರಡು ಚಳಿಗಾಲ, ಅಕ್ಕಪಕ್ಕ.
ಡಾಕ್ಟರು ಪೆನ್ಸಿಲ್ಲು ಹಿಡಿದು ಅಳೆದರು.
ಬೆಳೆದಿಲ್ಲ. ಹಳೆಯದೇ.
ನವ್ರೂಜ್‌ಮೋ ಮಾತ್ರ ಆ ಬಿಳಿಯನ್ನು ನೋಡಲೇ ಇಲ್ಲ.
ಬೆರಳಿಟ್ಟದ್ದು ಕೊರಳ ಬಳಿ:
ಹೋದ ವರ್ಷ ತೆಗೆಸಲು ನಾನು ಮರೆತ
ಬೆಳ್ಳಿಯ ಸರ, ಮಣಿ ಮಣಿ, ಮಿರಮಿರ.

'ಮಾರಿದೆ' ಎಂದಳು. 'ಮಾತ್ರೆಗಳ ತಿಂಗಳಲ್ಲಿ,
ಜೀಪಿನ ಬಾಡಿಗೆಗೆ.'
ಬಹಳ ಹೊತ್ತು ಕೂತಳು.
ಪರದೆ ಆರಿಸಲು ನನಗೆ ಕೈ ಬರಲಿಲ್ಲ.

ಐದನೆಯ ದಿನ ಕೇಬಲ್ ಕೂಡಿಸಿದರು.
ಬಾಕಿಯೆಲ್ಲ ಮೇಲೇರಿತು,
ಯಾವ ದೇಶದ್ದೋ, ಯಾವ ಕಟ್ಟಡದ್ದೋ ಕೋಣೆಗೆ.
ಅಲ್ಲೂ ಒಬ್ಬ ಇರಲೇಬೇಕು
ಫ್ಯಾನಿನ ಧೂಳು ಊದುವವನು.
ಅವನಿಗೊಂದು ಬೆಕ್ಕು ಇದೆಯೋ ಇಲ್ಲವೋ.

ದುಶಾನ್ಬೆಯಿಂದ ಫೋನು: ಹಳೆಯದನ್ನು ಆರಿಸಿದಿರಾ?
'ಅವತ್ತೇ ಆರಿಸಿದೆನಲ್ಲ' ಎಂದ ಕುರ್ಬೋನ್‌ಶೋ.
ಫೋನಿಟ್ಟು ನನ್ನತ್ತ ತಿರುಗಿ,
ಸಂತೆಯ ಕಡೆ ಹೋದರೆ
ಒಂದು ಸ್ಕ್ರೂ ತಾ, ಎಂದ,
ಇಷ್ಟುದ್ದದ್ದು.