ಕಾರಣ: ಬೆಟ್ಟ

ಬೆಳಿಗ್ಗೆ ತ್ರೆಂತೊದ ಗುಡ್ಡದ ಮೇಲೆ ಕಂಪ್ಯೂಟರ್ ಪಾಠ,
ಮಧ್ಯಾಹ್ನ ರೈಲು ಹಿಡಿದು ರೊವೆರೆತೊದಲ್ಲಿ ಮನಸ್ಸಿನ ಪಾಠ.
ನಡುವೆ ಹದಿನೈದು ನಿಮಿಷ, ಅದಿಜೆ ನದಿ,
ಕಾಗದದಲ್ಲಿ ಸುತ್ತಿದ ಬ್ರೆಡ್ಡು.
ಎರಡು ದೋಣಿಗೆ ಕಾಲಿಟ್ಟವಳು ಎಂದು
ಸ್ಕೀ ಲಿಫ್ಟು ರಿಪೇರಿ ಮಾಡುವ ಅಣ್ಣ ಇವೊ ನಗುತ್ತಾನೆ.
ನಗಲಿ. ರೈಲು ಒಂದೇ.

ಗುಡ್ಡದ ಮೇಲೆ ಎಣಿಕೆ ಸೊನ್ನೆಯಿಂದ ಶುರು.
ಕೆಳಗೆ, ಎಣಿಕೆ ಎಲ್ಲಿ ಶುರುವಾಗುತ್ತದೋ
ಯಾರಿಗೂ ಖಚಿತವಿಲ್ಲ.
ಪ್ರೊಫೆಸರ್ ತೊಮಾಜೆಲ್ಲಿ ಮಿದುಳಿನ ಚಿತ್ರದ ಮುಂದೆ ನಿಂತು
‘ಇಲ್ಲಿ ಎಲ್ಲೋ’ ಅನ್ನುತ್ತಾರೆ,
ಊರಿಗೆ ಹೊಸಬರಿಗೆ ದಾರಿ ತೋರಿಸುವವರ ಹಾಗೆ
ಅಂಗೈ ಬೀಸಿ.
ಅರ್ಧ ತಲೆ ಅದರೊಳಗೇ ಬಂದುಬಿಡುತ್ತದೆ.

ನನ್ನ ಪ್ರೋಗ್ರಾಂ ಚಿಕ್ಕದು, ಇನ್ನೂರ ಹನ್ನೆರಡು ಸಾಲು.
ಪರದೆಯ ಮೇಲೆ ಚಿತ್ರ ಮೂಡುತ್ತದೆ,
ಮುಂದೆ ಕೂತವರು ಹೆಸರು ಹೇಳಬೇಕು.
ನಾಲ್ಕು ಸೆಕೆಂಡು ಕಾದು
‘ಉತ್ತರವಿಲ್ಲ’ ಎಂದು ಬರೆದುಕೊಂಡು
ಮುಂದಿನ ಚಿತ್ರಕ್ಕೆ ಹೋಗುತ್ತದೆ.
ಅದಕ್ಕೆ ಮುಜುಗರ ಗೊತ್ತಿಲ್ಲ. ನಾನು ಕಲಿಸಿಲ್ಲ.

ಒನೊರಿನೊ ಗ್ರಾಜಿಯೋಲ, ಎಪ್ಪತ್ತೊಂದು ವರ್ಷ,
ಸಹಕಾರಿ ಸಂಘದಲ್ಲಿ ನಲವತ್ತು ಸುಗ್ಗಿ
ದ್ರಾಕ್ಷಿ ತೂಗಿದವರು.
ಹೋದ ನವೆಂಬರಿನಲ್ಲಿ ಒಂದು ಹನಿ ನೆತ್ತರು ಹೆಪ್ಪುಗಟ್ಟಿ
ನಾಮಪದಗಳನ್ನಷ್ಟೇ ಆಯ್ದು ಒಯ್ದಿತು.
ಕ್ರಿಯಾಪದಗಳು ಉಳಿದಿವೆ.
ಬೈಗುಳಗಳೂ.

ಬೀಗದ ಕೈ ಚಿತ್ರ ಬಂತು.
‘ಅದು… ಅದೇ… ತಿರುಗಿಸ್ತಾರಲ್ಲ…’
ಬೀಗವಿಲ್ಲದ ಕೈ ಗಾಳಿಯಲ್ಲಿ ತಿರುಗಿತು:
ಎಡಕ್ಕೊಮ್ಮೆ, ಮತ್ತೆ ಎಡಕ್ಕೇ,
ಆಮೇಲೆ ಭುಜದಿಂದೊಂದು ನೂಕು.
ಯಾವುದೋ ಹಳೆಯ ನೆಲಮಾಳಿಗೆಯ, ಥಂಡಿಗೆ ಉಬ್ಬಿದ,
ಅವರೊಬ್ಬರೇ ಪಳಗಿಸಿದ ಬಾಗಿಲು.
ನನಗೆ ಆ ಬಾಗಿಲು ಕಂಡಿತು,
ಒಳಗಿನ ಪೀಪಾಯಿಗಳ ಹುಳಿ ವಾಸನೆ ಕೂಡ.
ಪ್ರೋಗ್ರಾಂ ಬರೆದುಕೊಂಡಿತು: ಉತ್ತರವಿಲ್ಲ.

ಕತ್ತಲಾದ ಮೇಲೆ ಮಿರಾವಾಲ್ಲೆ ಗುಡ್ಡದ ಗಂಟೆ.
ಹಳೇ ಯುದ್ಧದ ತೋಪು ಕರಗಿಸಿ ಎರಕ ಹೊಯ್ದದ್ದು,
ದಿನವೂ ನೂರು ಬಡಿತ, ಸತ್ತವರಿಗೆ.
ಇಲ್ಲೇ ಹುಟ್ಟಿದವಳು ನಾನು, ಅದು ನನಗೆ ಕೇಳಿಸುವುದಿಲ್ಲ.
ಪಠ್ಯದಲ್ಲಿ ಇದಕ್ಕೊಂದು ಅಧ್ಯಾಯವೇ ಇದೆ,
ಪರೀಕ್ಷೆಗೆ ಬರುತ್ತದೆ.

ಬೆಳಗಿನ ಪಾಠದವರು ಕೊಟ್ಟ ಹೋಂವರ್ಕ್:
ಶಬ್ದ ಎಣಿಸುವ ಪ್ರೋಗ್ರಾಂ.
ಫೋನನ್ನು ಬೆಂಚಿನ ಮೇಲಿಟ್ಟೆ.
ಪಕ್ಕದಲ್ಲಿ ಮಗಳ ಕಾರಿಗೆ ಕಾಯುತ್ತ ಒನೊರಿನೊ
ತಾವೂ ಎಣಿಸತೊಡಗಿದರು, ಬುಟ್ಟಿ ಎಣಿಸಿದ ಹಾಗೆ,
ಹತ್ತಾದಾಗೊಮ್ಮೆ ತೊಡೆಯ ಮೇಲೆ ಉಗುರಿನ ಗೆರೆ.

ಅವರದು ತೊಂಬತ್ತೇಳು. ನಡುವೆ ಸೀನಿದ್ದರು.
ನನ್ನದು ಹದಿನಾಲ್ಕರ ಹತ್ತಿರ ಎಲ್ಲೋ ಕಳಚಿಹೋಗಿತ್ತು.
ಫೋನಿನದು ನೂರ ಮೂವತ್ತೊಂದು.
ನಾಚಿಕೆಯಿಂದ ನಾನು ಸಾಲು ಸಾಲು ತಡಕುತ್ತಿದ್ದರೆ
ಅವರು ಕತ್ತೆತ್ತಿ, ಕಣಿವೆಯಾಚೆಯ ಕಪ್ಪು ಬಂಡೆಗೆ
ಗದ್ದದಿಂದ ಗುರಿಯಿಟ್ಟು ಅಂದರು:
‘ಅದೂ ಹೇಳ್ತದೆ.’

ಬೆಳಿಗ್ಗೆ ಒಪ್ಪಿಸಿದ ವರದಿಯಲ್ಲಿ ಬರೆದೆ:
ಹೆಚ್ಚು ಬಂದದ್ದು ಮೂವತ್ತೊಂದು. ಕಾರಣ: ಬೆಟ್ಟ.
‘ಪ್ರತಿಧ್ವನಿ ಎಂದು ತಿದ್ದಿ’, ಮೇಷ್ಟರ ಷರಾ.
ಅವರದೇನೂ ತಪ್ಪಲ್ಲ,
ಅವರಿಗೆ ನಾಮಪದ ಬೇಕು.

ರೈಲಿನಲ್ಲಿ ಬ್ರೆಡ್ಡು ಬಿಚ್ಚದೆ
ಕೋಷ್ಟಕಕ್ಕೊಂದು ಹೊಸ ಕಾಲಂ ಸೇರಿಸಿದೆ.
ಹೆಸರು: ಕೈ.
ಇನ್ನೂರ ಹದಿಮೂರನೆಯ ಸಾಲು.
ಅದರಲ್ಲಿ ತುಂಬುವುದೇನು, ಸೆಕೆಂಡೋ, ಡಿಗ್ರಿಯೋ,
ಉಬ್ಬಿದ ಬಾಗಿಲಿನ ಭಾರವೋ?
ತೊಮಾಜೆಲ್ಲಿ ಕೇಳಿಯೇ ಕೇಳುತ್ತಾರೆ, ಅಳತೆ ಎಲ್ಲಿ ಎಂದು.
ಸೇತುವೆ ದಾಟುವಾಗ ಕಿಟಕಿಯ ಗಾಜಿಗೆ
ಅಂಗೈ ಬೀಸಿ ಅಭ್ಯಾಸ ಮಾಡಿಕೊಂಡೆ:
ಇಲ್ಲಿ. ಎಲ್ಲೋ.